ಹಜಾರಕ್ಕೆ ಬಂದ ಆಟ

ನಮ್ಮ ಮನೆಯಲ್ಲಿ ಒಂದು ಬಾಗಿಲು ಎರಡು ವರ್ಷಗಳಿಂದ ರಾತ್ರಿಯ ವೇಳೆ ಮುಚ್ಚಿಯೇ ಇರುತ್ತಿತ್ತು. ಒಂಬತ್ತಕ್ಕೆ ಊಟ ಮುಗಿಸಿ ಮಗರಾಯನು ತನ್ನ ಕೋಣೆಯನ್ನು ಹೊಕ್ಕು ಚಿಲಕ ಹಾಕಿದನೆಂದರೆ, ಅನಂತರ ಒಳಗಿನಿಂದ ಕೇಳಿಬರುತ್ತಿದ್ದುದು ಕೀಲಿಮಣೆಯ ಟಪಟಪ ಸದ್ದು ಮತ್ತು ಯಾರೊಡನೆಯೋ ಆಡುವ ಅರ್ಧಂಬರ್ಧ ಮಾತು: ‘ಎಡಗಡೆಗೆ ಬಾ’, ‘ಮರ ಸಾಲದು, ಕಳಿಸು’, ‘ಅಯ್ಯೋ, ಸತ್ತೆ!’ ಹದಿನೇಳು ವರ್ಷದ ಮಗನು ದಿನಕ್ಕೆ ನಾಲ್ಕು ಸಲ ಸಾಯುವುದನ್ನು ಕೇಳುತ್ತ ನಿದ್ದೆಹೋಗುವ ಅಭ್ಯಾಸ ನನಗೆ ಆಗಿಹೋಗಿತ್ತು, ನನ್ನಾಕೆಗೆ ಆಗಿರಲಿಲ್ಲ.

“ಯಾರೊಡನೆ ಆಡುತ್ತೀಯೋ?” ಎಂದು ಒಮ್ಮೆ ಕೇಳಿದ್ದೆ.

“ಗೆಳೆಯನೊಡನೆ.”

“ಯಾವ ಗೆಳೆಯ?” ಎಂದು ಗದರಿದೆನೇ ಹೊರತು ಉತ್ತರಕ್ಕಾಗಿ ನಿಲ್ಲಲಿಲ್ಲ. ಈ ಗದರುವ ವಿದ್ಯೆಯಲ್ಲಿ ತಂದೆಯಾದವರೆಲ್ಲರೂ ಪಾರಂಗತರು.

ದ್ವಿತೀಯ ಪಿ.ಯು.ಸಿ. ಪರೀಕ್ಷೆ ಮುಗಿದ ಮಾರನೆಯ ದಿನ ಅವನು ತಾನಾಗಿಯೇ ಬಂದು ನನ್ನೆದುರು ಕೈಕಟ್ಟಿ ನಿಂತ. ನಿಂತ ಭಂಗಿಯಿಂದಲೇ ಬೇಡಿಕೆ ದೊಡ್ಡದೆಂದು ಊಹಿಸಿದೆ. ಗೆಳೆಯರು ತಮ್ಮ ತಮ್ಮ ಕಂಪ್ಯೂಟರುಗಳನ್ನು ಹೊತ್ತು ನಮ್ಮ ಮನೆಗೆ ಬರುವರಂತೆ. ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಒಂದು ಇಡೀ ರಾತ್ರಿ ಕೂಡಿ ಆಡುವರಂತೆ. ಇದಕ್ಕೆ ಲ್ಯಾನ್ ಪಾರ್ಟಿ ಎಂದು ಹೆಸರು. ನಾನು ಮೂರು ನಿಬಂಧನೆಗಳನ್ನು ಹಾಕಿದೆ. ಆಟ ಕೋಣೆಯಲ್ಲಲ್ಲ, ಹಜಾರದಲ್ಲಿ ನಡೆಯಬೇಕು. ಅಜ್ಜಿಯ ನಿದ್ದೆ ಕೆಡಬಾರದು. ಬರುವವರ ಪಟ್ಟಿಯನ್ನು ಮೊದಲೇ ಕೊಡಬೇಕು. ಮೂರಕ್ಕೂ ಅವನು ತಡವರಿಸದೆ ಒಪ್ಪಿದಾಗ, ಇನ್ನೂ ಎರಡನ್ನು ಹಾಕಬೇಕಾಗಿತ್ತೆಂದು ನನಗೆ ತೋರಿತು. ಪಟ್ಟಿಯಲ್ಲಿ ಆರು ಹೆಸರುಗಳಿದ್ದುವು. ಏಳನೆಯದರ ಎದುರಿಗೆ ‘ಮೈಸೂರಿನವನು’ ಎಂದಷ್ಟೇ ಇದ್ದಿತು.

ಇಂಥ ಬೇಡಿಕೆ ಈ ರಜೆಯಲ್ಲಿ ವಾಚಕರ ಮನೆಗಳಲ್ಲಿಯೂ ಹುಟ್ಟಬಹುದಾದುದರಿಂದ, ನಾನು ಪಟ್ಟ ಪಾಡನ್ನೂ ಕಲಿತ ಪಾಠವನ್ನೂ ಇಲ್ಲಿ ಒಪ್ಪಿಸುತ್ತಿದ್ದೇನೆ.

ಇದು ನಮ್ಮ ಹುಡುಗರೇ ಕಂಡುಹಿಡಿದ ಹುಚ್ಚೆಂದು ಯಾರೂ ಭಾವಿಸಬೇಕಾಗಿಲ್ಲ. ಒಂದು ಕಟ್ಟಡದೊಳಗಿನ ಯಂತ್ರಗಳನ್ನು ಜೋಡಿಸುವ ಈಥರ್‌ನೆಟ್ ಎಂಬ ಪದ್ಧತಿಯನ್ನು ರಾಬರ್ಟ್ ಮೆಟ್‌ಕಾಫ್ ಎಂಬವರು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ 1973ರ ಮೇ 22ರಂದು ಬರೆದ ಒಂದು ಟಿಪ್ಪಣಿಯಲ್ಲಿ ವಿವರಿಸಿದರು. ಬೆಳಕು ಹರಿಯುವುದಕ್ಕೆ ಜಗತ್ತನ್ನೆಲ್ಲ ತುಂಬಿದ ಈಥರ್ ಎಂಬ ವಸ್ತುವೊಂದು ಇರಬೇಕೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರಷ್ಟೆ; ಆ ಹೆಸರೇ ಇಲ್ಲಿ ಉಳಿದುಕೊಂಡಿದೆ. ಶಬ್ದಕ್ಕೆ ಆಕಾಶವೇ ಆಶ್ರಯವೆಂದು ನಮ್ಮ ಹಿರಿಯರು ಹೇಳಿದರು. ಅವರ ಆಕಾಶ, ಇವರ ಈಥರ್ ಎರಡೂ ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರಿನ ಲೆಕ್ಕದಲ್ಲಿ ದೊರೆಯುತ್ತವೆ. 1993ರ ಡಿಸೆಂಬರ್ 10ರಂದು ಹೊರಬಂದ ಡೂಮ್ ಎಂಬ ಆಟವನ್ನು ಹೀಗೆ ಜೋಡಿಸಿದ ಯಂತ್ರಗಳಲ್ಲಿ ನಾಲ್ವರು ಕೂಡಿ ಆಡಬಹುದಾಗಿತ್ತು. ಮರುವರ್ಷ, 1994ರಲ್ಲಿ, ಸ್ವೀಡನ್ನಿನ ಮಾಲುಂಗ್ ಎಂಬ ಸಣ್ಣ ಊರಿನ ಶಾಲೆಯೊಂದರಲ್ಲಿ ಹುಡುಗರು ಆರಂಭಿಸಿದ ಡ್ರೀಮ್‌ಹ್ಯಾಕ್ ಎಂಬ ಕೂಟವು, ಸಾವಿರಾರು ಮಂದಿ ಸ್ವಂತ ಕಂಪ್ಯೂಟರುಗಳನ್ನು ಹೊತ್ತು ಬರುವ ಜಾತ್ರೆಯಾಗಿ ಬೆಳೆಯಿತು. ನಮ್ಮ ಬೆಂಗಳೂರಿನಲ್ಲಿಯೂ ಈ ಶತಮಾನದ ಮೊದಲ ದಶಕದಲ್ಲಿ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟೆಂದು ತೆತ್ತು ಕೌಂಟರ್-ಸ್ಟ್ರೈಕ್ ಆಡಿದವರು ಇಂದು ಗದರುವ ತಂದೆಯರಾಗಿದ್ದಾರೆ.

“ಮನೆಯಲ್ಲಿ ವೈ-ಫೈ ಇದೆಯಲ್ಲ, ತಂತಿಯ ಗೋಜು ಏಕೆ?” ಎಂದು ನಾನು ಕೇಳಿದೆ. ಮಗನು ವಿವರಿಸಿದುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವೈ-ಫೈ ಎಂದರೆ ಹಿರಿಯರ ಪಂಚಾಯಿತಿಯಿದ್ದಂತೆ. ಒಂದು ಕಾಲಕ್ಕೆ ಒಬ್ಬರು ಮಾತನಾಡಬೇಕು, ಉಳಿದವರು ಕಾಯಬೇಕು. ನಡುವೆ ದಪ್ಪ ಗೋಡೆ ಬಂದರೆ ಮಾತು ಕ್ಷೀಣಿಸುತ್ತದೆ, 2.4 ಗಿಗಾಹರ್ಟ್ಸಿನ ವೈ-ಫೈ ಆದರೆ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ನಡುವೆ ಬಾಯಿ ಹಾಕುತ್ತದೆ. ಅಂಚೆ ಓದುವುದಕ್ಕೆ, ಸಿನಿಮಾ ನೋಡುವುದಕ್ಕೆ ಈ ಕಾಯುವಿಕೆ ತಿಳಿಯುವುದೇ ಇಲ್ಲ. ಆದರೆ ಆಟದಲ್ಲಿ ಬಾಣ ಬಿಡುವ ಕ್ಷಣದಲ್ಲಿ ಯಂತ್ರ ಸರದಿಗಾಗಿ ಕಾದು ನಿಂತರೆ ಗೆಳೆತನ ಕೆಡುತ್ತದೆ. ತಂತಿಯಲ್ಲಾದರೋ ಪ್ರತಿಯೊಬ್ಬನಿಗೂ ಪ್ರತ್ಯೇಕ ದಾರಿ.

ಆ ತಂತಿಯ ಹೆಸರು ಕ್ಯಾಟ್ 6. ಕ್ಯಾಟ್ 5ಇ ಎಂಬ ಅಗ್ಗದ ತಮ್ಮನೂ ಉಂಟು. ಮನೆಯ ಕೆಲಸಕ್ಕೆ ಅದೂ ಸಾಕು. ಒಳಗೆ ಎಂಟು ಎಳೆಗಳು, ಎರಡೆರಡನ್ನು ಹೊಸೆದ ನಾಲ್ಕು ಜೋಡಿಗಳು. ಹಾಗೆ ಹೊಸೆದಿರುವುದು ಅಂದಕ್ಕಲ್ಲ. ಹೊರಗಿನ ವಿದ್ಯುತ್ತಿನ ಗೊಂದಲ ಎರಡೆಳೆಗಳಿಗೂ ಸಮನಾಗಿ ತಾಗಿ, ಕೊನೆಯಲ್ಲಿ ಕಳೆದುಹೋಗಲೆಂದು. ಒಂದು ತಂತಿ 100 ಮೀಟರಿನವರೆಗೂ ಹೋಗಬಹುದು. ತುದಿಗೆ ಕ್ಲಿಪ್ಪು ಹಾಕುವ ವಿದ್ಯೆಯನ್ನು ನಾನೂ ಕಲಿತೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ತುದಿಗಳಲ್ಲಿಯೂ ಇದೇ ಕ್ರಮವಿರಬೇಕು. ನಾನು ಸಿದ್ಧಪಡಿಸಿದ ಮೂರು ತಂತಿಗಳಲ್ಲಿ ಒಂದು ಕೆಲಸಮಾಡಿತು. ಆದಕಾರಣ ಐದು ಮತ್ತು ಹತ್ತು ಮೀಟರಿನ ಸಿದ್ಧ ತಂತಿಗಳನ್ನು ಕೊಳ್ಳುವುದೇ ಲೇಸೆಂದು ನನ್ನ ಸಲಹೆ.

ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ಚು ಎಂದು ಹೆಸರು. ಅಂಗಡಿಯಲ್ಲಿ ಬರಿಯ ಸ್ವಿಚ್ಚೆಂದು ಕೇಳಿದುದಕ್ಕೆ ಗೋಡೆಯ ದೀಪದ್ದನ್ನು ತೋರಿಸಿದರು. ನೆಟ್‌ವರ್ಕ್ ಸ್ವಿಚ್ಚು, ಅದರಲ್ಲಿಯೂ ಗಿಗಾಬಿಟ್ಟಿನದು, ಎಂದು ಬಿಡಿಸಿ ಹೇಳಬೇಕು. ಎಂಟು ಕಂಪ್ಯೂಟರುಗಳಿಗೆ ಎಂಟು ಕಿಂಡಿಗಳ ಸ್ವಿಚ್ಚು ಎಂಬ ಸರಳ ಗಣಿತದಂತೆ ಕೊಂಡು ತಂದೆ. ಮಗ ಅದನ್ನು ತಿರುಗಿಸಿ ನೋಡಿ ನಕ್ಕ.

“ಇದರಲ್ಲಿ ಒಂದು ಕಿಂಡಿ ನಮ್ಮ ರೂಟರಿನಿಂದ ಬರುವ ತಂತಿಗೆ ಬೇಕಲ್ಲ ಅಪ್ಪ. ಉಳಿಯುವುದು ಏಳೇ.”

ಮೈಯೆಲ್ಲ ಬೆವರಿ ತಂದವನಿಗೆ ಈ ಮಾತು ಹಿತವಾಗಲಿಲ್ಲ. “ಹಾಗಾದರೆ ಒಬ್ಬನನ್ನು ಬಿಟ್ಟುಬಿಡು. ಯಾರವನು ಮೈಸೂರಿನವನು? ಅಷ್ಟು ದೂರದಿಂದ ಏಕೆ ಬರಬೇಕು?” ಎಂದೆ.

ಅವನು ತಾಯಿಯ ಮುಖ ನೋಡಿದ. ತಾಯಿ ಒಲೆಯ ಕಡೆ ನೋಡಿದಳು.

“ದೊಡ್ಡಪ್ಪನ ಮಗ, ಅಪ್ಪ. ಎರಡು ವರ್ಷಗಳಿಂದ ನಾನು ದಿನವೂ ಆಡುತ್ತಿರುವುದು ಅವನೊಡನೆಯೇ.”

ಇಲ್ಲಿ ವಾಚಕರಿಗೆ ಒಂದು ಮಾತು ತಿಳಿಸಬೇಕು. ಊರಿನ ಹಳೆಯ ಮನೆಯ ಪಾಲಿನ ವಿಚಾರವಾಗಿ 2019ರಲ್ಲಿ ನನಗೂ ನನ್ನ ಅಣ್ಣನಿಗೂ ಮಾತು ಬೆಳೆಯಿತು. ಬೆಳೆದ ಮಾತು ಅಲ್ಲಿಗೇ ನಿಂತಿತು. ಅಮ್ಮ ವರ್ಷಕ್ಕೊಮ್ಮೆ ಯಾರಾದರೂ ನೆಂಟರ ಕಾರಿನಲ್ಲಿ ಮೈಸೂರಿಗೆ ಹೋಗಿಬರುತ್ತಿದ್ದಳು. ಅಲ್ಲಿನ ಸುದ್ದಿಯನ್ನು ನಾನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಆಗ ಹನ್ನೊಂದು, ಹನ್ನೆರಡರ ಪ್ರಾಯದಲ್ಲಿದ್ದ ಹುಡುಗರು ನಮ್ಮ ವ್ಯಾಜ್ಯಕ್ಕೆ ಸಹಿ ಹಾಕಿರಲಿಲ್ಲವೆಂಬುದು ನನಗೆ ಅಂದಿನವರೆಗೂ ಹೊಳೆದಿರಲಿಲ್ಲ.

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕಾದು ಅವನೇ ಮೆಲ್ಲಗೆ ಹೇಳಿದ: “ರೂಟರಿನಲ್ಲಿಯೇ ಇನ್ನೂ ಮೂರು ಕಿಂಡಿಗಳು ಖಾಲಿ ಇವೆ. ಅವನ ತಂತಿಯನ್ನು ಅಲ್ಲಿಗೇ ಹಾಕಬಹುದು. ಸ್ಥಳಕ್ಕೇನೂ ಕೊರತೆಯಿಲ್ಲ.”

“ಹಾಕು” ಎಂದೆ.

ಮುಂದಿನದು ವಿದ್ಯುತ್ತಿನ ಲೆಕ್ಕ. ಇದನ್ನು ಗೃಹಸ್ಥರು ಗಮನವಿಟ್ಟು ಓದಬೇಕು. ಆಟವಾಡುವ ಕಂಪ್ಯೂಟರು ಪರದೆಯೂ ಸೇರಿ ಸುಮಾರು 400 ವ್ಯಾಟ್ ನುಂಗುತ್ತದೆಂದು ಹಿಡಿದರೆ, ಎಂಟಕ್ಕೆ 3200 ವ್ಯಾಟ್ ಆಯಿತು. 230 ವೋಲ್ಟಿನಲ್ಲಿ ಇದು ಹತ್ತಿರಹತ್ತಿರ 14 ಆಂಪಿಯರು. ನಮ್ಮ ಹಜಾರದ ಸಾಕೆಟ್ಟುಗಳೆಲ್ಲವೂ 10 ಆಂಪಿಯರಿನ ಒಂದೇ ಎಂ.ಸಿ.ಬಿ.ಗೆ ಸೇರಿದವು, ಅದು ತಾಳುವುದು 2300 ವ್ಯಾಟ್ ಮಾತ್ರ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು, ಅದಕ್ಕೆ ಮತ್ತೊಂದನ್ನು ಸಿಕ್ಕಿಸಿ ಎಂಟನ್ನೂ ಒಂದೆಡೆಯಿಂದ ನಡೆಸುವುದು ಬೆಂಕಿಯೊಡನೆ ಸರಸ. ನಾಲ್ಕನ್ನು ಹಜಾರದ ಸಾಲಿಗೂ, ನಾಲ್ಕನ್ನು ಅಡಿಗೆಮನೆಯ 16 ಆಂಪಿಯರಿನ ಸಾಲಿಗೂ ಹಂಚಿದೆವು. ಭೂಸಂಪರ್ಕವಿರುವ ಮೂರು ಕಾಲಿನ ಪ್ಲಗ್ಗುಗಳನ್ನೇ ಬಳಸಿದೆವು. ತಂತಿಗಳನ್ನು ಗೋಡೆಯಂಚಿನಲ್ಲಿ ಎಳೆದು, ಅಮ್ಮ ತನ್ನ ಕೋಣೆಯಿಂದ ಬಚ್ಚಲಿಗೆ ನಡೆಯುವ ದಾರಿಯಲ್ಲಿ ಒಂದೂ ಅಡ್ಡ ಬರದಂತೆ ಟೇಪಿನಿಂದ ಅಂಟಿಸಿದೆವು.

ಮೂರನೆಯ ಸಿದ್ಧತೆ ಆಟಗಳನ್ನು ತುಂಬುವುದು. ಈಗಿನ ಕೆಲವು ಆಟಗಳು 60 ಗಿಗಾಬೈಟಿನಷ್ಟಿರುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ಟಿನ ಇಂಟರ್‌ನೆಟ್ಟಿನಲ್ಲಿ ಒಂದು ಯಂತ್ರ ಇದನ್ನು ಇಳಿಸಿಕೊಳ್ಳಲು ಎಂಬತ್ತು ನಿಮಿಷ ಬೇಕು. ಎಂಟು ಯಂತ್ರಗಳು ಒಟ್ಟಿಗೇ ಕುಳಿತರೆ ಹತ್ತು ಗಂಟೆಗೂ ಮಿಕ್ಕಿ ಹಿಡಿದು, ಇಳಿಯುವಷ್ಟರಲ್ಲಿ ಬೆಳಗಾಗುತ್ತದೆ. ಒಂದು ಯಂತ್ರದಲ್ಲಿ ಇಳಿಸಿ ಮನೆಯೊಳಗಿನ ಗಿಗಾಬಿಟ್ ತಂತಿಯ ಮೂಲಕ ಪಕ್ಕದ ಯಂತ್ರಕ್ಕೆ ದಾಟಿಸಿದರೆ, ಲೆಕ್ಕಕ್ಕೆ ಎಂಟು ನಿಮಿಷ, ನಿಜದಲ್ಲಿ ಅದರ ಎರಡರಷ್ಟು. ಸ್ಟೀಮ್ ಎಂಬ ಆಟಗಳ ಮಳಿಗೆ 2023ರಲ್ಲಿ ಈ ಸೌಕರ್ಯವನ್ನು ತಾನೇ ಒದಗಿಸಿತು. ಎಲ್ಲರ ಬಳಿಯೂ ಆಟದ ಒಂದೇ ಆವೃತ್ತಿ ಇರಬೇಕು. ಪಕ್ಕಪಕ್ಕದಲ್ಲೇ ಕುಳಿತರೂ ದೂರದ ಸರ್ವರಿನ ಅಪ್ಪಣೆಯಿಲ್ಲದೆ ಆರಂಭವಾಗದ ಆಟಗಳೂ ಉಂಟು. ಹಿಂದಿನ ದಿನವೇ ಪರೀಕ್ಷಿಸಬೇಕು. ನಮ್ಮ ಹುಡುಗರು ಮುಖ್ಯವಾಗಿ ಆರಿಸಿದ್ದು 1999ರಲ್ಲಿ ಹೊರಬಂದ, ಎಂಟು ಮಂದಿ ಕೂಡಿ ಆಡಬಹುದಾದ, ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಭಾಗವನ್ನು. ಮರ ಕಡಿದು, ಹೊಲ ಉತ್ತು, ಕೋಟೆ ಕಟ್ಟಿ, ಕೊನೆಯಲ್ಲಿ ಜಗಳವಾಡುವ ಆಟ. ಅಮ್ಮನಿಗೆ ವಿವರಿಸಿದಾಗ, “ನಮ್ಮ ಊರಿನ ಹಾಗೆಯೇ” ಎಂದಳು.

ಶನಿವಾರ ಸಂಜೆ ಆರಕ್ಕೆ ಮೈಸೂರಿನವನು ಬಂದ. ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಮಗುವಿನಂತೆ ಅಪ್ಪಿಕೊಂಡು, ಬಸ್ಸಿನಲ್ಲಿ ತಂದಿದ್ದ. ನನಗಿಂತ ಎತ್ತರವಾಗಿದ್ದಾನೆ, ಮೂಗು ಮಾತ್ರ ಅಣ್ಣನದೇ. “ಹೇಗಿದ್ದೀರಿ ಚಿಕ್ಕಪ್ಪ?” ಎಂದು ಕಾಲುಮುಟ್ಟಿದ. ನನಗೆ ಉತ್ತರ ತೋಚುವ ಮೊದಲೇ ಒಳಗಿನಿಂದ ಅಮ್ಮನ ಧ್ವನಿ ಬಂತು: “ಬಂದೆಯೇನೋ? ಕೈಕಾಲು ತೊಳೆದುಕೊ. ಕೋಡುಬಳೆ ತೆಗೆದಿಟ್ಟಿದ್ದೇನೆ.” ಅವನು ಬರುವುದು ಅವಳಿಗೆ ತಿಳಿದಿತ್ತೆಂದಾಯಿತು. “ಎರಡು ವರ್ಷದಿಂದ ದಿನಾ ರಾತ್ರಿ ಇವನ ಕೈಯಲ್ಲಿ ನನಗೆ ನಮಸ್ಕಾರ ಹೇಳಿಸುತ್ತಾನೆ. ಮನೆಯಲ್ಲಿ ಕೇಳಿಸಿಕೊಳ್ಳದೆ ಇದ್ದವನು ನೀನೊಬ್ಬನೇ” ಎಂದಳು.

ಎಂಟು ಯಂತ್ರಗಳೂ ಜೋಡಿಯಾದುವು. ಮೈಸೂರಿನವನು ಪರದೆ ತಂದಿರಲಿಲ್ಲವಾಗಿ ನಮ್ಮ ಟಿ.ವಿ.ಯೇ ಅವನಿಗೆ ಪರದೆಯಾಯಿತು. ರೂಟರು ಪ್ರತಿಯೊಂದಕ್ಕೂ ತಾನೇ ಒಂದೊಂದು ವಿಳಾಸವನ್ನು ಹಂಚಿತು: 192.168.1ರ ಮುಂದೆ ಒಂದೊಂದು ಅಂಕಿ. ಬೀದಿಯ ಹೆಸರು ಒಂದೇ, ಮನೆಯ ನಂಬರು ಬೇರೆ. 169.254 ಎಂದು ಮೊದಲಾಗುವ ವಿಳಾಸ ಕಾಣಿಸಿದರೆ ಆ ಯಂತ್ರಕ್ಕೆ ರೂಟರಿನ ಮಾತು ಕೇಳಿಲ್ಲವೆಂದು ಅರ್ಥ. ತಂತಿಯನ್ನು ಮತ್ತೊಮ್ಮೆ ಒತ್ತಿ ನೋಡಬೇಕು. ಎಲ್ಲ ಸರಿಯಿದ್ದರೂ ಒಂದು ಯಂತ್ರ ಇನ್ನೊಂದಕ್ಕೆ ಕಾಣಿಸದಿದ್ದರೆ ಅದು ಫೈರ್‌ವಾಲ್ ಎಂಬ ದ್ವಾರಪಾಲಕನ ಕೆಲಸ. ಅವನನ್ನು ಕೆಲಸದಿಂದಲೇ ತೆಗೆದುಹಾಕುವ ಹುಡುಗರಿದ್ದಾರೆ; ಅದು ತಪ್ಪು. ವಿಂಡೋಸಿನಲ್ಲಿ ಈ ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಿ, ಆ ಆಟ ಒಂದಕ್ಕೆ ಮಾತ್ರ ಒಳಗೆ ಬಿಡೆಂದು ಹೇಳಿದರೆ ಸಾಕು.

“ಈಗ ಪಿಂಗ್ ನೋಡೋಣ” ಎಂದ ಮಗ.

“ಹಾಗೆಂದರೇನು?”

“ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳುತ್ತದೆ. ಅದು ‘ಇದ್ದೇನೆ’ ಎನ್ನುತ್ತದೆ. ಅಷ್ಟೇ. ಹೋಗಿ ಬರುವುದಕ್ಕೆ ಎಷ್ಟು ಹೊತ್ತಾಯಿತೆಂದು ಅಳೆಯುವುದು.”

ಕೀಲಿ ಒತ್ತಿದ. ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗವೂ ಹಿಡಿಯಲಿಲ್ಲ. ಅವರಿಬ್ಬರೂ ದಿನವೂ ರಾತ್ರಿ ಆಡುವಾಗ ಮಾತು ದೂರದ ಊರಿನ ಸರ್ವರಿಗೆ ಹೋಗಿ ಬರಬೇಕಾಗಿ ಹತ್ತಾರು ಮಿಲಿಸೆಕೆಂಡು ಹಿಡಿಯುತ್ತಿತ್ತಂತೆ. “ಇದೀಗ ಪಕ್ಕದಲ್ಲಿ ಕುಳಿತ ಹಾಗಾಯಿತು” ಎಂದ ಮೈಸೂರಿನವನು. ಕುಳಿತಿದ್ದುದೂ ಪಕ್ಕದಲ್ಲಿಯೇ.

ಊಟಕ್ಕೆ ಬಡಿಸುವಾಗ ಅವನನ್ನು ಕೇಳಿದೆ: “ಇಲ್ಲಿಗೆ ಬಂದಿರುವುದು ಮನೆಯಲ್ಲಿ ಗೊತ್ತೇನಪ್ಪ?”

“ಬೆಂಗಳೂರಿನ ಗೆಳೆಯನ ಮನೆಗೆ ಎಂದು ಹೇಳಿದ್ದೇನೆ ಚಿಕ್ಕಪ್ಪ. ಯಾವ ಗೆಳೆಯ ಎಂದು ಅಪ್ಪ ಗದರಿದರು. ಉತ್ತರಕ್ಕೆ ನಿಲ್ಲಲಿಲ್ಲ.”

ಒಂದೇ ತಾಯಿಯ ಮಕ್ಕಳೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಹುಡುಗರು ಆಟಕ್ಕೆ ಕುಳಿತರು. ನಾನು ಬಾಲ್ಕನಿಯಲ್ಲಿ ಅರ್ಧ ಗಂಟೆ ಓಡಾಡಿದೆ. ಪರರ ಮನೆಯ ಹುಡುಗನಾಗಿದ್ದರೆ ತಲುಪಿದನೆಂದು ಹಿರಿಯರಿಗೆ ತಿಳಿಸುವುದಕ್ಕೆ ಎರಡು ನಿಮಿಷವೂ ತಡಮಾಡುತ್ತಿರಲಿಲ್ಲ. ಫೋನಿನಲ್ಲಿ ಅಣ್ಣನ ನಂಬರು ಇತ್ತು. ಇಷ್ಟು ವರ್ಷ ಅಳಿಸಿರಲಿಲ್ಲ.

“ಅಣ್ಣ, ನಾನು.”

ಎಷ್ಟು ಮಿಲಿಸೆಕೆಂಡು ಆಯಿತೋ ಅಳೆಯಲಿಲ್ಲ. ಬಹಳವಾಯಿತು.

“ಹೇಳು.”

“ಹುಡುಗ ನಮ್ಮ ಮನೆಯಲ್ಲಿದ್ದಾನೆ. ಊಟ ಮಾಡಿದ.”

ಮತ್ತೆ ಮೌನ. ಅನಂತರ, “ಅಮ್ಮ ಮಲಗಿದಳೇ?”

“ಇಲ್ಲ. ಹಜಾರದಲ್ಲಿ ಅವರ ಆಟ ನೋಡುತ್ತ ಕುಳಿತಿದ್ದಾಳೆ.”

“ಆ ಪೆಟ್ಟಿಗೆ ಬಲು ಭಾರ. ವಾಪಸು ಬಸ್ಸಿನಲ್ಲಿ ಕಳಿಸಬೇಡ. ನಾಳೆ ನಾನೇ ಕಾರು ತರುತ್ತೇನೆ” ಎಂದು ಫೋನು ಇಟ್ಟುಬಿಟ್ಟ.

ರಾತ್ರಿ ಸುಸೂತ್ರವಾಗಿ ಸಾಗಿತು. ಹತ್ತರ ಮೇಲೆ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಬೇಕೆಂಬ ನಿಯಮದಿಂದ ನೆರೆಹೊರೆಯವರು ಉಳಿದುಕೊಂಡರು. ಕೀಲಿಮಣೆಯ ಬಳಿ ತಿಂಡಿಯಿಲ್ಲ, ತಿನ್ನುವವರು ಎದ್ದು ಊಟದ ಮೇಜಿಗೆ ಬರಬೇಕೆಂಬ ನನ್ನಾಕೆಯ ನಿಯಮ ಇನ್ನೂ ಉತ್ತಮವಾದುದು. ಕೀಲಿಗಳೂ ಶುಚಿಯಾಗಿ ಉಳಿದುವು, ಹುಡುಗರು ಗಂಟೆಗೊಮ್ಮೆ ಬೆನ್ನು ನೆಟ್ಟಗೆ ಮಾಡಿದರು. ಅಮ್ಮ ಹನ್ನೊಂದರವರೆಗೂ ಕುಳಿತು, ಯಾರ ಕುರಿ ಯಾರು ಕದ್ದರೆಂದು ನ್ಯಾಯ ಹೇಳಿದಳು.

ಅನಾಹುತ ಮಾಡಿದವನು ನಾನೇ. ವಾಡಿಕೆಯಂತೆ ಬೆಳಗಿನ ಐದಕ್ಕೆ ಎದ್ದು ಗೀಸರ್ ಹಾಕಿದೆ. ನಮ್ಮ ಹಳೆಯ ಮನೆಯಲ್ಲಿ ಬಚ್ಚಲಿನ ಗೀಸರೂ ಅಡಿಗೆಮನೆಯ ಸಾಕೆಟ್ಟೂ ಒಂದೇ ಸಾಲಿನವೆಂಬುದನ್ನು ಮರೆತಿದ್ದೆ. ಗೀಸರಿನ 3000 ವ್ಯಾಟಿಗೆ 13 ಆಂಪಿಯರು, ನಾಲ್ಕು ಕಂಪ್ಯೂಟರುಗಳಿಗೆ 7; ಒಟ್ಟು 20. ಸ್ವಲ್ಪ ಹೊತ್ತಿನಲ್ಲಿಯೇ 16ರ ಎಂ.ಸಿ.ಬಿ. ಟಪ್ಪೆಂದು ಬಿತ್ತು; ಅರ್ಧ ಜಗತ್ತು ನಂದಿಹೋಯಿತು.

“ಚಿಕ್ಕಪ್ಪ, ನನ್ನ ಊರೇ ಹೋಯಿತು!” ಎಂದು ಕತ್ತಲಲ್ಲಿ ಕೂಗಿದ ಮೈಸೂರಿನವನು. ಪುಣ್ಯಕ್ಕೆ ನಾಲ್ಕೂವರೆಗೆ ಆಟವನ್ನು ಉಳಿಸಿಟ್ಟಿದ್ದರು. ಎಲ್ಲವನ್ನೂ ಮತ್ತೆ ಹೊತ್ತಿಸಿ ಅಲ್ಲಿಂದಲೇ ಮುಂದುವರಿಸಿದರು. ಅರ್ಧ ಗಂಟೆಯ ಬೇಸಾಯ ಮಾತ್ರ ನಷ್ಟ. ನಾನು ತಣ್ಣೀರು ಸ್ನಾನ ಮಾಡಿದೆ.

ಭಾನುವಾರ ಹನ್ನೊಂದಕ್ಕೆ ಅಣ್ಣ ಬಂದ. ಅಮ್ಮನ ಪಕ್ಕದಲ್ಲಿ ಕುಳಿತು ಕಾಫಿ ಕುಡಿದ. ಪಾಲಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ; ಅದು ಇನ್ನೂ ಉಳಿದೇ ಇದೆ. ಹುಡುಗರು ತಂತಿ ಸುತ್ತುತ್ತಿದ್ದರು. ಅಣ್ಣ ಸ್ವಿಚ್ಚನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೆ ಏರಿಸಿ, ಕಿಂಡಿಗಳನ್ನು ಒಂದೊಂದಾಗಿ ಎಣಿಸಿದ.

“ಎಂಟರದು ಏಕೆ ತಂದೆ? ಹದಿನಾರರದು ತರಬೇಕಾಗಿತ್ತು. ಮುಂದಾಲೋಚನೆ ಎಂಬುದು ನಿನಗೆ ಎಂದೂ ಇಲ್ಲ” ಎಂದ.

ನಾನು ವಾದಿಸಲಿಲ್ಲ. ದಸರೆಯ ರಜೆಗೆ ಹುಡುಗರು ಮೈಸೂರಿನಲ್ಲಿ ಸೇರುವರಂತೆ. ಹದಿನಾರು ಕಿಂಡಿಯ ಸ್ವಿಚ್ಚಿನ ಬೆಲೆಯನ್ನು ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ ಬಂದಿದ್ದೇನೆ.